ಹುಲ್ಲಿನ ತಂಟೆಗೆ ಹೋಗದಿರುವುದು

ಕಾಲಕ್ಕೆ ಸರಿಯಾಗಿ ಸೋಮಾರಿಯಾಗಿರುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಇಂಗ್ಲೆಂಡಿನ ಕ್ರಿಕ್‌ಲೇಡ್ ಎಂಬ ಊರಿನವರಿಗೆ ಅದು ಒಲಿದಿದೆ. ಥೇಮ್ಸ್ ಇನ್ನೂ ಚಿಕ್ಕ ಹೊಳೆಯಾಗಿರುವ ಆ ಊರಿನ ಪಕ್ಕದಲ್ಲೊಂದು ಹುಲ್ಲುಗಾವಲಿದೆ. ಚಳಿಗಾಲದಲ್ಲಿ ಹೊಳೆ ಉಕ್ಕಿ ಅದನ್ನು ತೋಯಿಸುತ್ತದೆ. ಏಪ್ರಿಲ್ ಬಂತೆಂದರೆ ಅದೇ ಒದ್ದೆ ನೆಲದಿಂದ ಲಕ್ಷಗಟ್ಟಲೆ ಫ್ರಿಟಿಲರಿ ಹೂಗಳು ಎದ್ದು, ತಲೆ ಬಗ್ಗಿಸಿಕೊಂಡು ಗಾಳಿಗೆ ತೂಗುತ್ತವೆ. ಎಸಳಿನ ಮೇಲೆ ನಸುಬಿಳುಪು, ಕಡುನೇರಳೆಯ ಚೌಕುಳಿ. ಅಜ್ಜಿಯರ ಕಾಲದ ಚೌಕುಳಿ ಸೀರೆಯಿಂದಲೇ ಕತ್ತರಿಸಿ ಹೊಲಿದಂತೆ. ನಡುನಡುವೆ ಪೂರಾ ಬಿಳಿಯವೂ ಉಂಟು.

ಇದಕ್ಕಾಗಿ ಊರಿನವರು ಪಡುವ ಶ್ರಮವೆಂದರೆ ಹುಲ್ಲಿನ ತಂಟೆಗೆ ಹೋಗದಿರುವುದು. ಹೂವು ಬಾಡಿ, ಬೀಜ ಬಲಿತು ಉದುರುವವರೆಗೆ ಗಾವಲಿಗೆ ಕತ್ತಿ ಸೋಕುವುದಿಲ್ಲ. ಜುಲೈಯಲ್ಲಿ ಕೊಯ್ಲು. ಆಗಸ್ಟ್ 12ರಿಂದ ಫೆಬ್ರುವರಿ 12ರವರೆಗೆ ಊರಿನ ದನಕರುಗಳು ಅಲ್ಲಿ ಮೇಯಬಹುದು. ನೂರಾರು ವರ್ಷಗಳಿಂದ ನಡೆದುಬಂದ ಕಟ್ಟಳೆ ಇದು.

ಬೆಂಗಳೂರಿನಲ್ಲಿ ಫ್ರಿಟಿಲರಿ ಬೆಳೆಸಬೇಕೆಂಬ ಚಪಲ ನನಗೆ ಆಗಾಗ ಹುಟ್ಟುತ್ತದೆ. ಆದರೆ ಅದರ ಗೆಡ್ಡೆ ಹೂ ಬಿಡಬೇಕಾದರೆ ಮೊದಲು ನೆಲದೊಳಗೆ ವಾರಗಟ್ಟಲೆ ಚಳಿ ತಿನ್ನಬೇಕು. ನಮ್ಮೂರು ದಾಖಲೆ ಪ್ರಕಾರ ಅತಿ ಹೆಚ್ಚು ನಡುಗಿದ್ದು 1884ರ ಜನವರಿ 13ರಂದು, ಅದೂ 7.8 ಡಿಗ್ರಿಗೆ. ಫ್ರಿಟಿಲರಿಗೆ ಅದೆಲ್ಲಿ ಸಾಕು? ಫ್ರಿಜ್ಜಿನಲ್ಲಿಟ್ಟು ಏಮಾರಿಸೋಣವೆಂದರೆ ಗೆಡ್ಡೆಗೆ ಒಣಸಿಪ್ಪೆಯ ಕವಚವೇ ಇಲ್ಲ; ಮಣ್ಣಿನಿಂದ ಹೊರಗಿಟ್ಟರೆ ಬೇಗ ಸೊರಗುತ್ತದೆ. ಇನ್ನು ಜೌಗು ನೆಲ. ಹಳೆಯ ನಕ್ಷೆ ಹಿಡಿದು ಹುಡುಕುತ್ತಾ ಹೊರಟರೆ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಸಿಗುತ್ತದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ.

ಹಾಗೆಂದು ಹುಲ್ಲಿನ ನಡುವೆ ತಾನಾಗಿ ಏಳುವ ಹೂವು ನಮಗೂ ಇಲ್ಲದಿಲ್ಲ. ರೈನ್ ಲಿಲ್ಲಿಯನ್ನೇ ನೋಡಿ. ಅಮೆರಿಕ ಖಂಡದ ಮೂಲದ್ದು. ಈಗ ನಮ್ಮೂರಿನ ಯಾವ ನರ್ಸರಿಯಲ್ಲಾದರೂ ಸಿಕ್ಕೀತು. ಎಲೆ ಇರುವಷ್ಟು ದಿನವೂ ಅದು ಹುಲ್ಲಿನ ಜೊತೆ ಹುಲ್ಲಾಗಿಯೇ ಇರುತ್ತದೆ. ಪೈಪಿನ ನೀರಿಗೆ ಅದು ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಭರಣಿ ಮಳೆ ಒಮ್ಮೆ ಗುಡುಗಿ ಸುರಿಯಲಿ, ಮೂರು ನಾಲ್ಕು ದಿನದಲ್ಲಿ ನೆಲದಿಂದ ಕೆಂಪು ಛಾಯೆಯ ದಂಟು ಮೇಲೆದ್ದಿರುತ್ತದೆ. ಅದರ ತುದಿಯಲ್ಲಿ ತೆಳುಪೊರೆಯನ್ನು ಸೀಳಿಕೊಂಡು ಹೊರಬರುವ ಚೂಪು ಮೊಗ್ಗು. ಬಿಸಿಲೇರುವ ಹೊತ್ತಿಗೆ ಆರು ಗುಲಾಬಿ ಎಸಳು ಬಿಚ್ಚಿ, ಒಳಗಿನ ಹಳದಿ ಕೇಸರಗಳು ಹೊರಗೆ ಕಾಣುತ್ತವೆ. ಒಂದೆರಡು ದಿನದಲ್ಲಿ ಎಲ್ಲ ಮುಗಿಯಿತು. ಇನ್ನೊಂದು ಜೋರು ಮಳೆ ಬಂದರೆ ಮತ್ತೊಂದು ಸರದಿ.

ತಾಪತ್ರಯ ಶುರುವಾಗುವುದು ಹೂವು ಬಾಡಿದ ಮೇಲೆ. ಮುಂದಿನ ಹೂವಿಗೆ ಬೇಕಾದ ಆಹಾರವನ್ನು ಎಲೆಗಳು ಗೆಡ್ಡೆಗೆ ತುಂಬಿಸಬೇಕಾದ ಹೊತ್ತಿಗೇ ನಮ್ಮ ವಸತಿ ಸಮುಚ್ಚಯದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಗರ್ಜಿಸತೊಡಗುತ್ತದೆ. ಲಿಲ್ಲಿಯ ಎಲೆ ಯಾವುದು, ಹುಲ್ಲು ಯಾವುದು ಎಂದು ಯಂತ್ರ ಕೇಳುವುದಿಲ್ಲ. ಮಾಲಿಗೆ ಗೊತ್ತು. "ನನಗೆ ಕಾಣುತ್ತದೆ ಮೇಡಂ, ಆದರೆ ಬಿಟ್ಟರೆ ಮೇಲಿನ ಮಹಡಿಯವರು ಫೋಟೊ ತೆಗೆದು ಕಳಿಸುತ್ತಾರೆ" ಎನ್ನುತ್ತಾನೆ. ಅವನ ಮಾತು ನಿಜ. ಹುಲ್ಲು ಗೇಣುದ್ದ ಬೆಳೆದರೆ ಸಾಕು, ಹಾವು ಬರುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಗದ್ದಲ ಏಳುತ್ತದೆ. (ಫ್ರಿಟಿಲರಿಯ ಬಾಗಿದ ಮೊಗ್ಗನ್ನು ಇಂಗ್ಲಿಷರು ಹಾವಿನ ತಲೆ ಎಂದೇ ಕರೆಯುತ್ತಾರೆ. ಈ ಸಂಗತಿಯನ್ನು ನಾನು ಗುಂಪಿನಲ್ಲಿ ಹಂಚಿಕೊಂಡಿಲ್ಲ.)

ಸಂಘಕ್ಕೆ ಒಂದು ಅರ್ಜಿ ಬರೆದಿದ್ದೇನೆ. ಕಾಂಪೌಂಡ್ ಗೋಡೆಯ ಪಕ್ಕದ ಒಂದು ಪಟ್ಟಿಯನ್ನು ಮಳೆಗಾಲ ಮುಗಿಯುವವರೆಗೆ ಅದರ ಪಾಡಿಗೆ ಬಿಡಿ, ಉಳಿದದ್ದನ್ನು ಎಷ್ಟು ಬೇಕಾದರೂ ಬೋಳಿಸಿಕೊಳ್ಳಿ ಎಂದಷ್ಟೇ ನನ್ನ ಬೇಡಿಕೆ. ಹೂವು, ಚಿಟ್ಟೆ, ಚೆಲುವು ಎಂದೆಲ್ಲ ಬರೆದಿದ್ದನ್ನು ಕೊನೆಗೆ ಹೊಡೆದುಹಾಕಿ, ಯಂತ್ರದ ಪೆಟ್ರೋಲು ಉಳಿಯುತ್ತದೆ ಎಂಬ ಒಂದೇ ಸಾಲನ್ನು ಇಟ್ಟುಕೊಂಡೆ. ನಮ್ಮ ಸಭೆಯಲ್ಲಿ ಕೈಗಳು ಏಳುವುದು ಅಂಥ ಸಾಲಿಗೇ.