ಬಾಡಿಗೆ ಪುಸ್ತಕಕ್ಕೆ ನಿಧಾನ ಎಲ್ಲಿಂದ ಬರಬೇಕು?

ದಿನಕ್ಕೆ ಹತ್ತೇ ಪುಟ ಓದಬೇಕು, ಒಂದೇ ರಾತ್ರಿಗೆ ಕಾದಂಬರಿ ಮುಗಿಸೋದು ಪುಸ್ತಕಕ್ಕೆ ಅವಮಾನ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ ಸರ್. ನಮ್ಮೂರಲ್ಲಿ ಬಾಡಿಗೆ ಲೈಬ್ರರಿ ಇತ್ತು, ದಿನದ ಲೆಕ್ಕ. ಪತ್ತೇದಾರಿ ಕಾದಂಬರಿ ಸಂಜೆ ತಂದರೆ ಮರುದಿನ ಬೆಳಿಗ್ಗೆ ವಾಪಸ್ ಕೊಡಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ದುಡ್ಡು. ಸವಿಯುತ್ತಾ ಕೂರೋದು ಹೇಗೆ?

ಅದೇ ಮನೆಯಲ್ಲಿ ಅಮ್ಮ ವಾರಕ್ಕೆ ಒಂದೇ ಕಂತು ಓದುತ್ತಿದ್ದಳು. 1965ರಲ್ಲಿ ಶುರುವಾದ ಸುಧಾ, ಆಮೇಲೆ ಬಂದ ತರಂಗ, ಎರಡರ ಧಾರಾವಾಹಿ ಪುಟಗಳನ್ನೂ ಪಿನ್ ಬಿಚ್ಚಿ ಜೋಪಾನವಾಗಿ ತೆಗೆದು, ದಬ್ಬಣದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದಿಡುತ್ತಿದ್ದಳು. ಒಂದು ಸಲ ಪಕ್ಕದ ಮನೆಗೆ ಹೋದ ಸಂಚಿಕೆ ವಾಪಸ್ ಬರಲೇ ಇಲ್ಲ. ಆ ಜಾಗಕ್ಕೆ ಖಾಲಿ ಹಾಳೆ ಸೇರಿಸಿ, ಯಾರ ಹತ್ತಿರವೋ ಕಥೆ ಕೇಳಿಕೊಂಡು ಬಂದು, ಪೆನ್ಸಿಲಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದಳು! ಆದರೆ ಅವಳ ನಿಧಾನ ಬೇಕು ಅಂತ ಮಾಡಿದ್ದಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೇ. ಹೊಲಿದು ಮುಗಿದ ಮೇಲೆ ಅದನ್ನೇ ಒಂದು ಮಧ್ಯಾಹ್ನ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗದೆ ಪೂರ್ತಿ ಓದಿದ್ದನ್ನು ನಾನೇ ನೋಡಿದ್ದೇನೆ.

ಸುಮ್ನೆ ಎಲ್ಲದಕ್ಕೂ ಒಂದೇ ನಿಯಮ ಯಾಕೆ? 1967ರ 'ಮಲೆಗಳಲ್ಲಿ ಮದುಮಗಳು' ಎರಡು ಸಲ ಓಡಿಸಿಕೊಂಡು ಓದಲು ಹೋಗಿ ಸೋತೆ, ಯಾರು ಯಾವ ಮನೆಯವರು ಅನ್ನೋದೇ ಕಲಸಿಹೋಯ್ತು. ಮೂರನೇ ಸಲ ಇಡೀ ಒಂದು ಮಳೆಗಾಲ ತಗೊಂಡೆ, ಆಗ ದಕ್ಕಿತು. ಪತ್ತೇದಾರಿಯನ್ನು ಮಾತ್ರ ನಿಮ್ಮ ಹತ್ತು ಪುಟದ ಲೆಕ್ಕದಲ್ಲಿ ಓದಿ ನೋಡಿ, ಎಂಟನೇ ದಿನಕ್ಕೆ ಸತ್ತವನು ಯಾರು ಅನ್ನೋದೇ ಮರೆತುಹೋಗಿರುತ್ತೆ, ಅಲ್ವಾ?