ಗೆಳೆಯನ ಮೊದಲ ಸಿನಿಮಾ ತೋರಿಸ್ತೀರಾ? ಮೊದಲು ಡಬ್ಬಿ ಮೂಸಿ ನೋಡಿ

ತೀರಿಹೋದ ಗೆಳೆಯ ಮೊದಲ ಸಲ ಬಣ್ಣ ಹಚ್ಚಿದ ಸಿನಿಮಾವನ್ನು ಚಿತ್ರೋತ್ಸವದಲ್ಲಿ ಮತ್ತೆ ತೋರಿಸಬೇಕು ಅಂತ ಹೊರಟವರು ಮೊದಲು ಮಾಡಿಸೋದು ಪೋಸ್ಟರ್, ಕೊನೆಗೆ ಹುಡುಕೋದು ಪ್ರಿಂಟ್. ಎಡವಟ್ಟಾಗೋದೇ ಅಲ್ಲಿ. ಯೂಟ್ಯೂಬಿಂದ ಇಳಿಸಿದ ಫೈಲನ್ನು ದೊಡ್ಡ ಪರದೆಗೆ ಬಿಟ್ಟರೆ ಮುಖ ಇರಬೇಕಾದಲ್ಲಿ ಚೌಕಚೌಕ ಕಾಣುತ್ತೆ. ಅದಕ್ಕಿಂತ ಫೋಟೊ ಇಟ್ಟು ಹೂವು ಹಾಕೋದೇ ವಾಸಿ.

ಶಂಕರ್ ನಾಗ್ ಅವರನ್ನೇ ತಗೊಳ್ಳಿ. ನಟರಾಗಿ ಮೊದಲ ಚಿತ್ರ 1978ರ ‘ಒಂದಾನೊಂದು ಕಾಲದಲ್ಲಿ’. ನಿರ್ದೇಶನ ಗಿರೀಶ ಕಾರ್ನಾಡ್, ಕ್ಯಾಮೆರಾ ಎ.ಕೆ. ಬೀರ್. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿಯೂ ಅದಕ್ಕೇ ಬಂತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನ ಹತ್ತಿರ ಅಪಘಾತವಾದಾಗ ಅವರಿಗೆ 35. ಪರದೆ ಮೇಲಿದ್ದದ್ದೇ ಹನ್ನೆರಡು ವರ್ಷ. ಅಂಥವರ ಮೊದಲ ಚಿತ್ರವನ್ನು ಹೇಗಾದರೂ ತೋರಿಸಿದರಾಯ್ತು ಅನ್ನೋಕಾಗಲ್ಲ.

ಅನುಮತಿ ಕೇಳಬೇಕಾದ್ದು ನಟರ ಮನೆಯವರನ್ನಲ್ಲ, ನಿರ್ಮಾಪಕರನ್ನು ಅಥವಾ ಅವರಿಂದ ಹಕ್ಕು ಪಡೆದವರನ್ನು. ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತೆ. ಅನುಮತಿ ಸಿಕ್ಕ ಮೇಲೆ ನೆಗೆಟಿವ್ (ಕ್ಯಾಮೆರಾದಲ್ಲೇ ಓಡಿದ ಮೂಲ ಫಿಲ್ಮು) ಹುಡುಕಿ, ಅದರಿಂದ ತೆಗೆದ ಪ್ರಿಂಟ್ ಅಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೊದಲು ವಿಚಾರಿಸಿ. ದೃಶ್ಯದ ನೆಗೆಟಿವ್ ಸಿಕ್ಕಿತು ಅಂತ ಕುಣಿಯಬೇಡಿ, ಧ್ವನಿಯ ಸೌಂಡ್ ನೆಗೆಟಿವ್ ಬೇರೆಯೇ ಇರುತ್ತೆ, ಅದರ ಫಿಲ್ಮು ಡಬ್ಬಿಗಳನ್ನೂ ಎಣಿಸಿ. 35 ಎಂಎಂನಲ್ಲಿ ನಿಮಿಷಕ್ಕೆ 90 ಅಡಿ. ಎರಡು ಗಂಟೆಯ ಚಿತ್ರ ಅಂದರೆ 10,800 ಅಡಿ, ಸಾವಿರ ಅಡಿಯ ರೀಲಾದರೆ ಹನ್ನೊಂದು. ಹತ್ತೇ ಇದ್ದರೆ ಕತೆಯಲ್ಲಿ ಎಲ್ಲೋ ಹನ್ನೊಂದು ನಿಮಿಷ ಇಲ್ಲ ಅಂತಲೇ ಅರ್ಥ.

ಡಬ್ಬಿ ತೆಗೆದ ಕೂಡಲೇ ಮೂಸಿ ನೋಡಿ. ವಿನಿಗರ್ ಥರ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯೋಕೆ ಶುರುವಾಗಿದೆ. ಬಿಸಿಲು, ತೇವ ಸೇರಿದರೆ ಅದು ಇನ್ನೂ ಬೇಗ. ಕೊಳೆತ ಫಿಲ್ಮು ಕುಗ್ಗುತ್ತೆ, ಡೊಂಕಾಗುತ್ತೆ, ಅಂಚಿನ ತೂತುಗಳು ಪ್ರೊಜೆಕ್ಟರಿನ ಚಕ್ರದ ಹಲ್ಲಿಗೆ ಸರಿಯಾಗಿ ಕೂರಲ್ಲ. ಅಂಥದ್ದನ್ನು ಹಳೇ ಪ್ರೊಜೆಕ್ಟರಿಗೆ ಹಾಕಿ ‘ಒಂದು ಸಲ ನೋಡೋಣ’ ಅಂದರೆ ತೂತುಗಳು ಹರಿದುಹೋಗ್ತಾವೆ. ಹಲ್ಲಿಲ್ಲದೆ ರೋಲರ್ ಮೇಲೆ ಎಳೆಯುವ ಸ್ಕ್ಯಾನರೇ ಬೇಕು. ಆ ಕಾಲದ ಕಲರ್ ಪ್ರಿಂಟುಗಳಿಗೆ ಇನ್ನೊಂದು ರೋಗ. ನೀಲಿ-ಹಸಿರು ಛಾಯೆಯ ಬಣ್ಣ ಮೊದಲು ಮಾಸಿ ಆಕಾಶ, ಕಾಡು, ಕುದುರೆ ಎಲ್ಲಾ ಗುಲಾಬಿಗೆ ತಿರುಗಿರುತ್ತೆ. ಅದು ಪೂರ್ತಿ ವಾಪಸ್ ಬರಲ್ಲ, ನೆಗೆಟಿವ್ ಬೇಕು ಅನ್ನೋದು ಅದಕ್ಕೇ.

ಸ್ಕ್ಯಾನ್ ಮಾಡಿಸಿದ್ದೇ ರೆಸ್ಟೊರೇಷನ್ (ಹಾಳಾದ ಚಿತ್ರವನ್ನು ಮೊದಲಿದ್ದಂತೆ ಸರಿಮಾಡೋದು) ಅಂತ ಕರೆಯೋರಿದ್ದಾರೆ. ಅಲ್ಲ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಕ್ಯಾಮೆರಾ ನೆಗೆಟಿವ್‌ನಿಂದಲೇ ಪುನರುಜ್ಜೀವಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯ್ತು. ಮೂಲ ಸಿಕ್ಕರೆ ಮಾತ್ರ ಆಗುವ ಕೆಲಸ ಅದು. ಎರಡು ಗಂಟೆಗೆ 1,72,800 ಫ್ರೇಮು. ಧೂಳು, ಗೀರು, ಅಂಟು ಹಾಕಿದ ಜಾಗದ ಜಿಗಿತ, ಇವನ್ನು ತಂತ್ರಾಂಶ ಹಿಡಿಯುತ್ತೆ, ಆದರೆ ಕಿಡಿ, ಮಳೆಹನಿಗಳನ್ನೂ ಧೂಳು ಅಂದುಕೊಂಡು ಒರೆಸುತ್ತೆ. ಫಿಲ್ಮಿನ ಕಾಳನ್ನು (ಗ್ರೇನ್, ಚಿತ್ರದ ಮೇಲೆ ಕಾಣೋ ಸಣ್ಣ ಚುಕ್ಕಿಗಳು) ಪೂರ್ತಿ ತೆಗೆದರೆ ಗಡ್ಡ, ಬೆವರು ಎಲ್ಲಾ ಮೇಣ. ನನ್ನ ಕೇಳಿದರೆ ಒಂದೆರಡು ಗೀರು ಇರಲಿ, ಮುಖ ಇರಲಿ.

ಥಿಯೇಟರಿಗೆ ಹೋಗೋದು ಡಿಸಿಪಿ, ಅಂದರೆ ಡಿಜಿಟಲ್ ಪ್ರೊಜೆಕ್ಟರಿಗೆ ಬೇಕಾದ ಸಿನಿಮಾ ಫೈಲುಗಳ ಕಟ್ಟು. ಹೆಚ್ಚುಕಡಿಮೆ ಚೌಕವಾದ 1.37 (ಎತ್ತರ 1 ಆದರೆ ಅಗಲ 1.37) ಚಿತ್ರವನ್ನು 1.85ರ ಚೌಕಟ್ಟಿನಲ್ಲಿ 1480×1080 ಪಿಕ್ಸೆಲ್ ಆಗಿ ಕೂರಿಸಿ, ಎಡಬಲ ಕಪ್ಪಿರಲಿ. ಪರದೆ ತುಂಬಲಿ ಅಂತ ಮೇಲೆ ಕೆಳಗೆ ಕತ್ತರಿಸಿದರೆ ನಟನ ಹಣೆ ಹೋಗುತ್ತೆ, ಎಳೆದರೆ ಮುಖ ಅಗಲವಾಗುತ್ತೆ. ಮೊನೊ (ಒಂದೇ ಟ್ರ್ಯಾಕಿನ) ಧ್ವನಿ ನಡುವಿನ ಸ್ಪೀಕರಿಗೆ ಮಾತ್ರ ಹೋಗಬೇಕು. ಎಡಬಲಕ್ಕೆ ಹಂಚಿದರೆ ಮಾತು ಮುಖದಿಂದ ಬಾರದೆ ಪಕ್ಕದ ಗೋಡೆಯಿಂದ ಬಂದಂತಾಗುತ್ತೆ. ಬೀಗ ಹಾಕಿದ (ಎನ್‌ಕ್ರಿಪ್ಟ್ ಮಾಡಿದ) ಡಿಸಿಪಿಗೆ ಥಿಯೇಟರಿನ ಆ ಸರ್ವರಿಗೇ, ಆ ಹೊತ್ತಿಗೇ ಮಾಡಿಸಿದ ಡಿಜಿಟಲ್ ಕೀಲಿ ಬೇಕು. ಭಾಷಣ ಉದ್ದವಾಗಿ ಶೋ ಆ ಅವಧಿ ದಾಟಿದರೆ ಸಿನಿಮಾ ಶುರುವೇ ಆಗಲ್ಲ. ಒಂದೇ ಪ್ರದರ್ಶನಕ್ಕಾದರೆ ಬೀಗ ಹಾಕಿಸಲೇ ಬೇಡಿ.

ಹಿಂದಿನ ದಿನ ಅದೇ ಪರದೆ ಮೇಲೆ ಮೊದಲ ಹತ್ತು ನಿಮಿಷ, ಪ್ರತಿ ರೀಲು ಸೇರುವ ಜಾಗ, ಕೊನೆಯ ಟೈಟಲು ಓಡಿಸಿ ನೋಡಿ. ಬಾಯಿಗೂ ಮಾತಿಗೂ ತಪ್ಪೋದು ಹೆಚ್ಚಾಗಿ ರೀಲು ಸೇರುವ ಕಡೆಯೇ.