ಗೇಟ್ ಸ್ಕೋರ್ ಬಂದ್ರೆ ಎಂಟೆಕ್ ಸೀಟು ತಾನಾಗೇ ಬರಲ್ಲ, ದಯವಿಟ್ಟು ಓದಿ

ಎರಡು ದಿನದಿಂದ ಒಂದು ಮೆಸೇಜ್ ಎಲ್ಲಾ ಗ್ರೂಪಲ್ಲೂ ಓಡಾಡ್ತಿದೆ, ಎಂಟೆಕ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆ ಪಾಸಾದ್ರೆ ಐಐಟಿಗಳ ಕೋಆಪ್ ಪೋರ್ಟಲ್ಲಲ್ಲಿ ಹೆಸರು ಹಾಕಿದ್ರೆ ಸಾಕು ಐಐಟಿಯವ್ರೇ ಕರೀತಾರೆ, ಸ್ಕೋರ್ ಒಂದೇ ವರ್ಷ ನಡೆಯುತ್ತೆ ಅಂತ. ಎರಡೂ ತಪ್ಪು.

ಕೋಆಪ್ ಇರೋದು ಬಂದ ಆಫರ್ ನೋಡಿ ಒಪ್ಕೊಳ್ಳೋಕೆ ಅಥವಾ ಬಿಡೋಕೆ ಅಷ್ಟೇ. ಅರ್ಜಿ ಮಾತ್ರ ಒಂದೊಂದು ಐಐಟಿಗೂ ಅವರವರ ವೆಬ್‌ಸೈಟಲ್ಲೇ ಬೇರೆ ಬೇರೆ ಹಾಕ್ಬೇಕು, ಫೀಸೂ ಬೇರೆ, ಕೊನೇ ದಿನಾನೂ ಬೇರೆ, ಅದನ್ನ ಹಾಕದೇ ಕೋಆಪ್ ನೋಡ್ತಾ ಕೂತ್ರೆ ಎಷ್ಟೇ ಒಳ್ಳೆ ಸ್ಕೋರ್ ಇದ್ರೂ ಆಫರ್ ಬರೋ ದಾರಿನೇ ಇಲ್ಲ. ನಮ್ಮ ಬೆಂಗಳೂರಿನ ಐಐಎಸ್ಸಿಗೂ ಅದರ ವೆಬ್‌ಸೈಟಲ್ಲೇ ನೇರವಾಗಿ ಅರ್ಜಿ ಹಾಕ್ಬೇಕು. ಸುರತ್ಕಲ್ ಎನ್ಐಟಿಕೆ ಥರದ ಎನ್ಐಟಿಗಳಿಗೆ ಸಿಸಿಎಂಟಿ ಅಂತ ಬೇರೆನೇ ಕೌನ್ಸೆಲಿಂಗು, ಅಲ್ಲಿ ಒಂದೇ ರಿಜಿಸ್ಟ್ರೇಶನ್ನಲ್ಲಿ ಎಷ್ಟೋ ಕಾಲೇಜು ಚಾಯ್ಸ್ ಕೊಡ್ಬಹುದು.

ಸ್ಕೋರು ರಿಸಲ್ಟ್ ಬಂದ ದಿನದಿಂದ 3 ವರ್ಷ ವ್ಯಾಲಿಡ್. ಈ ಸಲ ಮನೆ ಕಷ್ಟಕ್ಕೆ ಕೆಲಸಕ್ಕೆ ಸೇರ್ಕೊಂಡವ್ರು ಮುಂದಿನ ವರ್ಷ ಅದೇ ಸ್ಕೋರಲ್ಲಿ ಅರ್ಜಿ ಹಾಕ್ಬಹುದು, ಇದು ಗೊತ್ತಿಲ್ದೆ ಆಸೆನೇ ಬಿಟ್ಬಿಡೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ಮೆಸೇಜ್ ಫಾರ್ವರ್ಡ್ ಮಾಡಿದ್ರೆ ಅದೇ ಗ್ರೂಪಲ್ಲಿ ಇದನ್ನೂ ಹಾಕಿ.